ಕೈಪಿಡಿ ಪುಟಕ್ಕೆ ಸೇರಬೇಕಾದ ಒಂದು ವಾಕ್ಯ

ಸಂಪಾದಕರಿಗೆ,

ಮಾನ್ಯರೇ,

ನಾನು ಮಲೆನಾಡಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಗಣಕ ಪ್ರಯೋಗಾಲಯವನ್ನು ನೋಡಿಕೊಳ್ಳುವವನು. ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಕಾಲೇಜು ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಡೇಟಾಬೇಸ್‌ಗೆ ಏರಿಸುವ ಕೆಲಸವನ್ನು ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಂಡಿದ್ದಳು. ಪಾಡ್‌ಮನ್ ಎಂಬ ಸಲಕರಣೆಯಿಂದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಒಂದು ಕಂಟೇನರಿನಲ್ಲಿ, ಅಂದರೆ ಗಣಕದ ಉಳಿದ ಭಾಗದಿಂದ ಬೇರೆಯಾಗಿ ಕಟ್ಟಿದ ಗಂಟಿನಲ್ಲಿ, ಚಾಲೂ ಮಾಡಿ, ನಾಲ್ಕು ದಿನ ಗಣಕವನ್ನು ಆರಿಸದೆ, ಸುಮಾರು 600 ಪುಸ್ತಕಗಳ ಹೆಸರು, ಲೇಖಕರು, ಕಪಾಟಿನ ಸಂಖ್ಯೆ ಇವನ್ನೆಲ್ಲ ಒಂದೊಂದಾಗಿ ತುಂಬಿಸಿದಳು. ಐದನೆಯ ದಿನ ಕಂಟ್ರೋಲ್ ಸಿ ಒತ್ತಿ ಕಂಟೇನರನ್ನು ನಿಲ್ಲಿಸಿ, ಅದೇ ಆಜ್ಞೆಯನ್ನು ಮತ್ತೆ ಕೊಟ್ಟಾಗ ಡೇಟಾಬೇಸ್ ಬರಿದಾಗಿತ್ತು. ಅವಳು ಅಂತರಜಾಲದಲ್ಲಿ ಎಲ್ಲೋ ಕಂಡ ಆಜ್ಞೆಯನ್ನು ಹಾಗೆಯೇ ನಕಲಿಸಿಕೊಂಡಿದ್ದಳು, ಅದರಲ್ಲಿ ‘--ಆರ್‌ಎಂ’ ಎಂಬ ಆಯ್ಕೆ ಇತ್ತು. ಸಲಕರಣೆ ತನಗೆ ಹೇಳಿದ್ದನ್ನೇ ಮಾಡಿತ್ತು.

ನಾನು ಅವಳ ಪಕ್ಕದಲ್ಲಿ ಕುಳಿತು ಕಂಟೇನರ್ ಓಡಿಸುವ ‘ಪಾಡ್‌ಮನ್-ರನ್’ ಆಜ್ಞೆಯ ಕೈಪಿಡಿ ಪುಟವನ್ನು ಟರ್ಮಿನಲ್‌ನಲ್ಲಿ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ತೆರೆದೆ. ಆರ್‌ಎಂ ಆಯ್ಕೆಯ ಕೆಳಗಿದ್ದ ಮಾತಿನ ತಾತ್ಪರ್ಯ ಇಷ್ಟು: ಕಂಟೇನರ್ ಮುಗಿದೊಡನೆ ಅದನ್ನೂ, ಅದಕ್ಕೆ ಸೇರಿದ ಹೆಸರಿಲ್ಲದ ವಾಲ್ಯೂಮ್‌ಗಳನ್ನೂ (ದತ್ತಾಂಶವನ್ನು ಕಂಟೇನರಿನ ಹೊರಗೆ ಇಡುವ ಜಾಗಗಳನ್ನೂ) ತಾನಾಗಿಯೇ ತೆಗೆದುಹಾಕುತ್ತದೆ. ಅದನ್ನು ಎರಡು ಸಲ ಓದಿ ಅವಳು ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ. “ಸರ್, ನಾನು ಯಾವ ವಾಲ್ಯೂಮನ್ನೂ ಮಾಡಲೇ ಇಲ್ಲವಲ್ಲ, ಹೆಸರಿಲ್ಲದ್ದು ಎಲ್ಲಿಂದ ಬಂತು?”

ಈ ಪತ್ರ ಬರೆಯಲು ಆ ಪ್ರಶ್ನೆಯೇ ಕಾರಣ. ಪುಟದಲ್ಲಿದ್ದ ವಾಕ್ಯದಲ್ಲಿ ಸುಳ್ಳಿಲ್ಲ, ಅದನ್ನು ಬರೆದವರಿಗೆ ವಿಷಯ ಚೆನ್ನಾಗಿಯೇ ತಿಳಿದಿದೆ. ಆದರೆ ಅದು ಈಗಾಗಲೇ ತಿಳಿದವನಿಗೆ ಮಾತ್ರ ಅರ್ಥವಾಗುವ ವಾಕ್ಯ. ಉತ್ತರವೂ ಅದೇ ಪುಟದಲ್ಲಿದೆ, ಆದರೆ ಬೇರೆ ಕಡೆ. ಕಂಟೇನರ್ ಯಾವುದರಿಂದ ಹುಟ್ಟುತ್ತದೋ ಆ ಸಿದ್ಧ ಗಂಟಿಗೆ ಇಮೇಜ್ ಎನ್ನುತ್ತಾರೆ. ಪೋಸ್ಟ್‌ಗ್ರೆಸ್‌ನಂಥ ಇಮೇಜುಗಳು ತಮ್ಮೊಳಗೇ ‘ನನ್ನ ದತ್ತಾಂಶದ ಕೋಶ (ಫೋಲ್ಡರ್) ಇದು, ಇದನ್ನು ವಾಲ್ಯೂಮ್ ಆಗಿ ಇಡಿ’ ಎಂದು ಸಾರಿಕೊಂಡಿರುತ್ತವೆ. ಬಳಕೆದಾರ ಆ ಕೋಶಕ್ಕೆ ಹೆಸರಿರುವ ವಾಲ್ಯೂಮ್ ಕೊಡದಿದ್ದರೆ ಪಾಡ್‌ಮನ್ ತಾನೇ ಹೆಸರಿಲ್ಲದ ಒಂದನ್ನು ಸೃಷ್ಟಿಸಿ ಅಲ್ಲಿ ಜೋಡಿಸುತ್ತದೆ. ಈ ಸಂಗತಿ ‘--ಇಮೇಜ್-ವಾಲ್ಯೂಮ್’ ಎಂಬ ಆಯ್ಕೆಯ ಅಡಿಯಲ್ಲಿ ವಿವರಿಸಲ್ಪಟ್ಟಿದೆ. ಕೈಪಿಡಿಯ ಆಯ್ಕೆಗಳು ಇಂಗ್ಲಿಷ್ ಅಕಾರಾದಿಯಲ್ಲಿ ಜೋಡಣೆಯಾಗಿರುವುದರಿಂದ ಇಮೇಜ್-ವಾಲ್ಯೂಮ್ ‘ಐ’ ಅಕ್ಷರದಲ್ಲೂ, ಆರ್‌ಎಂ ‘ಆರ್’ ಅಕ್ಷರದಲ್ಲೂ, ವಾಲ್ಯೂಮ್ ‘ವಿ’ ಅಕ್ಷರದಲ್ಲೂ ಬಂದು ಕುಳಿತಿವೆ. ನೂರಕ್ಕೂ ಹೆಚ್ಚು ಆಯ್ಕೆಗಳಿರುವ ಪುಟದಲ್ಲಿ ಒಟ್ಟಿಗೆ ಓದಬೇಕಾದ ಈ ಮೂರು ಮಾತುಗಳು ಒಂದನ್ನೊಂದು ಕೂಗಿ ಕರೆಯಲಾರದಷ್ಟು ದೂರ ಇವೆ. ಇಮೇಜ್-ವಾಲ್ಯೂಮ್ ಎಂಬ ಪದವನ್ನೇ ಕೇಳದ ಹುಡುಗಿ ಅದನ್ನು ಹುಡುಕುವುದಾದರೂ ಹೇಗೆ?

ಇಲ್ಲಿ ಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. “ಇಮೇಜು ತಾನೇ ಸಾರಿಕೊಂಡ ಕೋಶಕ್ಕೆ ನೀವು ಹೆಸರುಳ್ಳ ವಾಲ್ಯೂಮ್ ಕೊಟ್ಟಿರದಿದ್ದರೆ ಅಲ್ಲಿ ಬರೆದ ದತ್ತಾಂಶವೂ ಅಳಿಯುತ್ತದೆ, ಇಮೇಜ್-ವಾಲ್ಯೂಮ್ ಆಯ್ಕೆಯನ್ನು ನೋಡಿ” ಎಂದು ಆರ್‌ಎಂ ವಿವರಣೆಯ ಕೆಳಗೆ ಬರೆದಿದ್ದರೆ ಸಾಕಿತ್ತು. ನಾನು ನೋಡಿದ ಆವೃತ್ತಿಯಲ್ಲಿ ಅದು ಇರಲಿಲ್ಲ. ಅವಳು ಮೊದಲೇ ಕೈಪಿಡಿ ಓದಿರಲಿಲ್ಲ ಎಂಬುದು ನಿಜ, ಆದರೆ ಓದಿದ್ದರೂ ಆ 600 ಪುಸ್ತಕಗಳು ಉಳಿಯುತ್ತಿದ್ದವೆಂದು ನನಗೆ ಅನಿಸುವುದಿಲ್ಲ.

ಕಂಟೇನರ್ ಬಗ್ಗೆ ನಿಮ್ಮ ಓದುಗರಿಗೆ ಇನ್ನೂ ಸ್ವಲ್ಪ ಹೇಳಬೇಕು. ಒಂದು ತಂತ್ರಾಂಶವನ್ನು ಅದಕ್ಕೆ ಬೇಕಾದ ಎಲ್ಲ ಕಡತಗಳೊಡನೆ ಒಂದು ಗಂಟಾಗಿ ಕಟ್ಟಿ, ಗಣಕದ ಉಳಿದ ಭಾಗಕ್ಕೆ ಸೋಕದ ಹಾಗೆ ಪ್ರತ್ಯೇಕವಾಗಿ ಓಡಿಸುವ ಪದ್ಧತಿ ಅದು. 2013ರಲ್ಲಿ ಡಾಕರ್ ಎಂಬ ಸಲಕರಣೆ ಬಂದ ಮೇಲೆ ಈ ಪದ್ಧತಿ ಮನೆಮಾತಾಯಿತು. ಪಾಡ್‌ಮನ್‌ನ ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2019ರ ಜನವರಿಯಲ್ಲಿ. ಅದರ ಆಜ್ಞೆಗಳು ಬಹುಮಟ್ಟಿಗೆ ಡಾಕರ್‌ನವುಗಳಂತೆಯೇ ಇವೆ. ವ್ಯತ್ಯಾಸವೆಂದರೆ, ಹಿನ್ನೆಲೆಯಲ್ಲಿ ಸದಾ ಓಡುವ ಸೇವೆಯೊಂದು ಇದಕ್ಕೆ ಬೇಕಿಲ್ಲ ಮತ್ತು ಸಾಮಾನ್ಯ ಬಳಕೆದಾರನೂ ನಿರ್ವಾಹಕನ ಅಧಿಕಾರವಿಲ್ಲದೆ ಕಂಟೇನರ್ ಓಡಿಸಬಹುದು. ನಲವತ್ತು ಮಂದಿ ಹಂಚಿಕೊಂಡು ಬಳಸುವ ಪ್ರಯೋಗಾಲಯದಲ್ಲಿ ಎಲ್ಲರ ಕೈಗೂ ರೂಟ್ (ನಿರ್ವಾಹಕನ) ಗುಪ್ತಪದವನ್ನು ಕೊಡಲಾಗದ ನನ್ನಂಥವನಿಗೆ ಇದು ದೊಡ್ಡ ಅನುಕೂಲ. ಈ ಸಲಕರಣೆಯ ಮೇಲೆ ನನಗಿರುವುದು ಪ್ರೀತಿಯೇ, ದೂರಲ್ಲ.

ಅಂತರಜಾಲದಲ್ಲಿ ಬೇಕಾದಷ್ಟು ಪಾಠಗಳಿರುವಾಗ ಟರ್ಮಿನಲ್‌ನಲ್ಲಿ ತೆರೆದುಕೊಳ್ಳುವ ಹಳೆಯ ಕಾಲದ ಪುಟದ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ನನ್ನ ಅನುಭವದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ನಮ್ಮಲ್ಲಿ ಮಳೆ ಹಿಡಿದರೆ ಸಂಪರ್ಕ ದಿನಗಟ್ಟಲೆ ಇರುವುದಿಲ್ಲ, ಆಗ ಗಣಕದ ಒಳಗೇ ಇರುವ ಕೈಪಿಡಿಯೊಂದೇ ಗುರು. ಇನ್ನೊಂದು ಇದಕ್ಕಿಂತ ಮುಖ್ಯವಾದದ್ದು. ಕೈಪಿಡಿ ಪುಟವು ಆ ಗಣಕದಲ್ಲಿ ಸ್ಥಾಪನೆಯಾಗಿರುವ ಆವೃತ್ತಿಯ ಜೊತೆಗೇ ಬರುತ್ತದೆ, ಆದ್ದರಿಂದ ಅದು ಹೇಳುವುದು ನಿಮ್ಮ ಎದುರಿಗಿರುವ ಸಲಕರಣೆಯನ್ನು ಕುರಿತೇ ಹೊರತು ನಾಲ್ಕು ವರ್ಷದ ಹಿಂದೆ ಯಾರೋ ಬಳಸಿದ್ದನ್ನು ಕುರಿತಲ್ಲ. ಗಣಕ ಚಾಲೂ ಆದೊಡನೆ ಕಂಟೇನರ್ ತಾನಾಗಿ ಏಳುವಂತೆ ಮಾಡಲು ‘ಪಾಡ್‌ಮನ್ ಜನರೇಟ್ ಸಿಸ್ಟಮ್‌ಡಿ’ ಎಂಬ ಆಜ್ಞೆಯನ್ನು ಕಲಿಸುವ ಬರಹಗಳು ಇಂದಿಗೂ ಹುಡುಕಿದೊಡನೆ ಮೊದಲಿಗೆ ಸಿಗುತ್ತವೆ. 2023ರಲ್ಲಿ ಬಂದ 4.4ನೆಯ ಆವೃತ್ತಿಯಲ್ಲಿ ಕ್ವಾಡ್‌ಲೆಟ್ ಎಂಬ ಬೇರೆ ವಿಧಾನ ಸೇರಿತು, ಹಳೆಯ ಆಜ್ಞೆಯ ಕೈಪಿಡಿ ಪುಟವು ಈಗ ಕ್ವಾಡ್‌ಲೆಟ್ ಬಳಸಿರೆಂದು ಸ್ಪಷ್ಟವಾಗಿ ಹೇಳುತ್ತದೆ. ಹಳೆಯ ಬರಹಗಳನ್ನು ತಿದ್ದುವವರು ಯಾರೂ ಇಲ್ಲ. ಕೈಪಿಡಿಯನ್ನಾದರೆ ತಿದ್ದುತ್ತಾರೆ, ನಾವೂ ತಿದ್ದಬಹುದು.

ಆ ಅವಕಾಶದ ಬಗ್ಗೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದೇ ಇಲ್ಲ ಎಂಬುದು ನನ್ನ ಸಂಕಟ. ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡುವುದೆಂದರೆ ಪ್ರೋಗ್ರಾಮ್ ಬರೆಯುವುದು ಮಾತ್ರ ಎಂದು ಅವರು ತಿಳಿದಿದ್ದಾರೆ. ಪಾಡ್‌ಮನ್‌ನ ಕೈಪಿಡಿ ಪುಟಗಳ ಮೂಲವು ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆಯ ರೂಪದಲ್ಲಿ, ತಂತ್ರಾಂಶದ ಮೂಲಸಂಕೇತದ ಜೊತೆಗೇ, ಎಲ್ಲರಿಗೂ ಕಾಣುವಂತೆ ಇದೆ. ಅದನ್ನು ಒಂದು ಪುಟ್ಟ ಪ್ರೋಗ್ರಾಮು ಕೈಪಿಡಿಯ ಹಳೆಯ ರೂಪಕ್ಕೆ ಮಾರ್ಪಡಿಸುತ್ತದೆ. ಹಲವು ಆಜ್ಞೆಗಳಿಗೆ ಸಮಾನವಾದ ಆಯ್ಕೆಗಳ ವಿವರಣೆಯನ್ನು ಪ್ರತಿ ಪುಟದಲ್ಲೂ ಮತ್ತೆ ಮತ್ತೆ ಬರೆಯದೆ, ಒಂದು ಆಯ್ಕೆಗೆ ಒಂದು ಕಡತವೆಂದು ಪ್ರತ್ಯೇಕ ಕೋಶದಲ್ಲಿ ಇಟ್ಟು, ಪುಟ ಸಿದ್ಧವಾಗುವಾಗ ಅದನ್ನು ಅಲ್ಲಲ್ಲಿ ಸೇರಿಸುತ್ತಾರೆ. ವಾಲ್ಯೂಮ್ ಆಯ್ಕೆಯ ವಿವರಣೆಯನ್ನು ಒಂದು ಕಡೆ ಸರಿಪಡಿಸಿದರೆ ಕಂಟೇನರ್ ಸೃಷ್ಟಿಸುವ, ಓಡಿಸುವ, ಪಾಡ್ (ಕಂಟೇನರ್‌ಗಳ ಗುಂಪು) ಕಟ್ಟುವ ಆಜ್ಞೆಗಳ ಪುಟಗಳೆಲ್ಲ ಒಟ್ಟಿಗೆ ಸರಿಯಾಗುತ್ತವೆ. ಅಂಥ ಪ್ರತಿ ಕಡತದ ತಲೆಯಲ್ಲಿ, ಇದು ಯಾವ ಯಾವ ಪುಟಗಳಲ್ಲಿ ಬಳಕೆಯಾಗುತ್ತದೆ, ತಿದ್ದುವವರು ಆ ಎಲ್ಲ ಕಡೆಗೂ ಮಾತು ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು ಎಂಬ ಸೂಚನೆಯೂ ಇರುತ್ತದೆ. ಸಲಕರಣೆಯ ಸಹಾಯ ಸಂದೇಶದಲ್ಲಿ ಕಾಣುವ ಆಯ್ಕೆ ಕೈಪಿಡಿಯಲ್ಲಿ ಇಲ್ಲದಿದ್ದರೆ ಎಚ್ಚರಿಸುವ ಸ್ವಯಂಚಾಲಿತ ತಪಾಸಣೆ ಕೂಡ ಇದೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಕಟ್ಟಿದವರನ್ನು ಮೆಚ್ಚಲೇಬೇಕು. ಆದರೆ ಆಯ್ಕೆಯ ಹೆಸರು ಪುಟದಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಯಂತ್ರ ಪರೀಕ್ಷಿಸಬಲ್ಲುದು, ಓದಿದ ಹುಡುಗಿಗೆ ಅದು ಅರ್ಥವಾಯಿತೇ ಎಂಬುದನ್ನಲ್ಲ. ಅದಕ್ಕೆ ಆ ಹುಡುಗಿಯೇ ಬೇಕು.

ತಪ್ಪಿ ಬಿದ್ದವರೇ ಕೈಪಿಡಿಯನ್ನು ತಿದ್ದಲು ಎಲ್ಲರಿಗಿಂತ ಅರ್ಹರು ಎಂದು ನಾನು ನಂಬಿರುವುದು ಇದರಿಂದಲೇ. ಹತ್ತು ವರ್ಷ ಕಂಟೇನರಿನಲ್ಲಿ ಪಳಗಿದ ಎಂಜಿನಿಯರಿಗೆ ‘ಹೆಸರಿಲ್ಲದ ವಾಲ್ಯೂಮ್’ ಎಂಬ ಮಾತು ಎಲ್ಲಿ ತೊಡಕಾಗುತ್ತದೆಂದು ಈಗ ಕಾಣಿಸುವುದಿಲ್ಲ, ಕಾಣಿಸುತ್ತಿದ್ದ ದಿನಗಳನ್ನು ಅವರು ದಾಟಿ ಬಂದಿದ್ದಾರೆ. ಎಡವಿದ ಮರುದಿನ ಎಡವಿದವರಿಗೆ ಕಲ್ಲು ಎಲ್ಲಿದೆಯೆಂಬುದು ಸ್ಪಷ್ಟವಾಗಿ ಗೊತ್ತಿರುತ್ತದೆ, ಒಂದು ತಿಂಗಳು ಕಳೆದರೆ ಅವರೂ ಅದನ್ನು ದಾಟಿ ನಡೆಯುವುದನ್ನು ರೂಢಿ ಮಾಡಿಕೊಂಡು ಮರೆತುಬಿಡುತ್ತಾರೆ. ಆ ಒಂದು ತಿಂಗಳೊಳಗೆ ಅವರಿಂದ ಬರೆಸಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಬಗ್ಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ಚೆನ್ನಾಗಿ ಬಾರದವರು ಇಂಗ್ಲಿಷ್ ಕೈಪಿಡಿಯನ್ನು ಹೇಗೆ ತಿದ್ದಿಯಾರು ಎಂಬ ಅನುಮಾನ ನಮ್ಮ ಬೋಧಕರಲ್ಲಿಯೇ ಇದೆ. ಅನುಭವ ನನಗೆ ಹೇಳಿಕೊಟ್ಟದ್ದು ಇದಕ್ಕೆ ವಿರುದ್ಧವಾದದ್ದು. ಒಂದು ಉದಾಹರಣೆ ಕೊಡುತ್ತೇನೆ. ವಾಲ್ಯೂಮ್ ಆಯ್ಕೆಯ ಕೊನೆಯಲ್ಲಿ ‘ಝಡ್’ ಎಂಬ ಅಕ್ಷರವನ್ನು ಸೇರಿಸಬಹುದು. ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಜಾರಿಯಲ್ಲಿರುವ ಫೆಡೋರಾದಂಥ ಕಾರ್ಯಾಚರಣ ವ್ಯವಸ್ಥೆಯ ಗಣಕಗಳಲ್ಲಿ, ಹೊರಗಿನ ಕೋಶವನ್ನು ಕಂಟೇನರಿನೊಳಗಿಂದ ಮುಟ್ಟಲು ಬಿಡಬೇಕಾದರೆ ಆ ಕೋಶದ ಕಡತಗಳಿಗೆ ಹೊಸ ಗುರುತುಚೀಟಿ ಅಂಟಿಸಬೇಕು. ಚಿಕ್ಕ ಝಡ್ ಬರೆದರೆ ಆ ಚೀಟಿ ಹಲವು ಕಂಟೇನರ್‌ಗಳು ಹಂಚಿಕೊಳ್ಳುವಂಥದ್ದು, ದೊಡ್ಡ ಝಡ್ ಬರೆದರೆ ಆ ಒಂದೇ ಕಂಟೇನರಿಗೆ ಮೀಸಲಾದದ್ದು. ಒಂದೇ ಕೋಶವನ್ನು ಎರಡು ಕಂಟೇನರ್‌ಗಳಿಗೆ ದೊಡ್ಡ ಝಡ್‌ನೊಂದಿಗೆ ಕೊಟ್ಟರೆ ಮೊದಲಿನದು ಇದ್ದಕ್ಕಿದ್ದಂತೆ ‘ಅನುಮತಿ ಇಲ್ಲ’ ಎಂದು ನಿಂತುಬಿಡುತ್ತದೆ. ಯಾರಾದರೂ ತಮ್ಮ ಮನೆಕೋಶವನ್ನೇ ಹೀಗೆ ಕೊಟ್ಟರೆ ಆ ಕೋಶದ ಕಡತಗಳ ಗುರುತುಚೀಟಿಗಳೆಲ್ಲ ಬದಲಾಗಿ ಗಣಕದ ಇತರ ಕೆಲಸಗಳೂ ಕೆಡಬಹುದು.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರ ಕಣ್ಣಿಗೆ ಆ ಎರಡೂ ಒಂದೇ ಅಕ್ಷರ, ಒಂದು ಸ್ವಲ್ಪ ಎತ್ತರವಾಗಿದೆ ಅಷ್ಟೆ. ಝಡ್ ಅಕ್ಷರದಲ್ಲಿ ಆಕಾರವೂ ಬದಲಾಗುವುದಿಲ್ಲ. ‘ಪಿ’ ಆಯ್ಕೆಯದೂ ಇದೇ ಕತೆ: ಚಿಕ್ಕ ಪಿ ನಾವು ಹೇಳಿದ ಪೋರ್ಟನ್ನು (ಜಾಲದಿಂದ ಒಳಬರುವ ಬಾಗಿಲನ್ನು) ಮಾತ್ರ ತೆರೆದರೆ, ದೊಡ್ಡ ಪಿ ಇಮೇಜು ಸಾರಿಕೊಂಡ ಎಲ್ಲ ಪೋರ್ಟುಗಳನ್ನೂ ತನಗೆ ತೋಚಿದ ಸಂಖ್ಯೆಗಳಲ್ಲಿ ತೆರೆಯುತ್ತದೆ. ನಮ್ಮ ಮಕ್ಕಳು ಇದನ್ನು ಹೇಳಿದಾಗ ಮೊದಲಿಗೆ ನನಗೆ ಅದು ಅವರ ಅಜಾಗ್ರತೆಯೆನಿಸಿತು. ಆಮೇಲೆ ಹೊಳೆಯಿತು, ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿಕೊಂಡ ದೃಷ್ಟಿಹೀನ ಓದುಗರಿಗೂ ಆ ಎರಡು ಅಕ್ಷರಗಳು ಬಹಳ ಸಲ ಒಂದೇ ಆಗಿ ಕೇಳಿಸುತ್ತವೆ. ಅಕ್ಷರದ ಪಕ್ಕದಲ್ಲೇ ‘ಚಿಕ್ಕ ಅಕ್ಷರ, ಹಂಚಿಕೆಗೆ’, ‘ದೊಡ್ಡ ಅಕ್ಷರ, ಒಂದಕ್ಕೇ ಮೀಸಲು’ ಎಂದು ಮಾತಿನಲ್ಲಿ ಬರೆದರೆ ಎಲ್ಲರಿಗೂ ಉಪಕಾರ. ಇಂಗ್ಲಿಷ್ ಲಿಪಿಯಲ್ಲೇ ಹುಟ್ಟಿ ಬೆಳೆದವರಿಗೆ ಈ ತಿದ್ದುಪಡಿ ಸುಲಭಕ್ಕೆ ಹೊಳೆಯುವಂಥದ್ದಲ್ಲ, ನಮ್ಮ ಮಕ್ಕಳಿಗೆ ಹೊಳೆಯಿತು.

ಉದಾಹರಣೆಗಳ ವಿಷಯದಲ್ಲೂ ಕೆಲಸ ಬಹಳ ಇದೆ. ಗಣಕದ ಕೈಪಿಡಿಗಳ ಪದ್ಧತಿಯಂತೆ ಉದಾಹರಣೆಗಳು ಪುಟದ ಕೊನೆಯ ಕಡೆ, ಆಯ್ಕೆಗಳೆಲ್ಲ ಮುಗಿದ ಮೇಲೆ ಬರುತ್ತವೆ. ಅಲ್ಲಿಗೆ ತಲುಪುವಷ್ಟು ತಾಳ್ಮೆಯನ್ನು ಹೊಸಬರಿಂದ ನಿರೀಕ್ಷಿಸುವುದು ಸರಿಯಲ್ಲ. ಹೊಸಬರು ಬರುವುದು ಆಯ್ಕೆಯ ಹೆಸರು ಹಿಡಿದುಕೊಂಡಲ್ಲ, ಒಂದು ಕೆಲಸ ಹಿಡಿದುಕೊಂಡು. ಡೇಟಾಬೇಸ್ ಓಡಿಸಬೇಕು, ನಿಲ್ಲಿಸಿದರೂ ದತ್ತಾಂಶ ಉಳಿಯಬೇಕು. ನನ್ನ ಕೋಶವನ್ನು ಕಂಟೇನರ್ ಓದಬೇಕು, ಬರೆಯಬಾರದು. ಇಂಥ ನಾಲ್ಕಾರು ಕೆಲಸಗಳಿಗೆ ಪೂರ್ಣ ಆಜ್ಞೆಯನ್ನು ಕೊಟ್ಟು, ಅದು ಏನನ್ನು ಉಳಿಸುತ್ತದೆ, ಏನನ್ನು ಅಳಿಸುತ್ತದೆ ಎಂದು ಒಂದೊಂದು ಸಾಲಿನಲ್ಲಿ ಬರೆದರೆ ನೂರು ಆಯ್ಕೆಗಳ ಪಟ್ಟಿ ಓದಲು ಧೈರ್ಯ ಬರುತ್ತದೆ.

ಅದರಲ್ಲೂ ಲೆಕ್ಕ ಇರುವಲ್ಲಿ ಲೆಕ್ಕವನ್ನು ಮಾಡಿಯೇ ತೋರಿಸಬೇಕು. ನಿರ್ವಾಹಕನ ಅಧಿಕಾರವಿಲ್ಲದೆ ಕಂಟೇನರ್ ಓಡಿಸಿದಾಗ ಒಳಗಿನ ಬಳಕೆದಾರ ಸಂಖ್ಯೆಯೂ ಹೊರಗಿನ ಸಂಖ್ಯೆಯೂ ಬೇರೆ ಬೇರೆ. ಒಳಗಿನ ಸೊನ್ನೆ ಎಂದರೆ ಹೊರಗಿನ ನೀವೇ. ಒಳಗಿನ 1ರಿಂದ ಮುಂದಿನವು ನಿಮ್ಮ ಹೆಸರಿಗೆ ಮೀಸಲಿಟ್ಟ ಸಂಖ್ಯೆಗಳ ಸಾಲಿನಿಂದ ಕ್ರಮವಾಗಿ ಬರುತ್ತವೆ. ಹಲವು ಗಣಕಗಳಲ್ಲಿ ಮೊದಲ ಬಳಕೆದಾರನಿಗೆ ಆ ಸಾಲು 100000ದಿಂದ ಆರಂಭವಾಗಿ 65536 ಸಂಖ್ಯೆಗಳಷ್ಟು ಇರುತ್ತದೆ. ಆಗ ಒಳಗೆ 999ನೆಯ ಬಳಕೆದಾರನಾಗಿ ಓಡುವ ಡೇಟಾಬೇಸ್ ಬರೆದ ಕಡತವು ಹೊರಗಿನಿಂದ ನೋಡಿದರೆ 100998ನೆಯ ಯಾರೋ ಒಬ್ಬರ ಆಸ್ತಿಯಾಗಿ ಕಾಣುತ್ತದೆ, ನಿಮ್ಮದೇ ಕೋಶದೊಳಗಿನ ಕಡತವನ್ನು ತೆರೆಯಲು ನಿಮಗೇ ಅನುಮತಿ ಸಿಗುವುದಿಲ್ಲ. ಈ ಸಂಖ್ಯೆಯನ್ನು ಕಂಡು ಗಣಕಕ್ಕೆ ಯಾರೋ ನುಗ್ಗಿದ್ದಾರೆಂದು ಗಾಬರಿಯಾಗಿ ನನ್ನ ಬಳಿ ಓಡಿ ಬಂದ ಹುಡುಗರಿದ್ದಾರೆ. ಕೈಪಿಡಿಯಲ್ಲಿ ಈ ಹೊಂದಾಣಿಕೆಯ ನಿಯಮಗಳ ವಿವರಣೆ ಇದೆ, ವಿಸ್ತಾರವಾಗಿಯೇ ಇದೆ. ಅದರ ಮೊದಲಿಗೇ 100000ಕ್ಕೆ 999 ಕೂಡಿಸಿ ಒಂದು ಕಳೆದರೆ 100998 ಎಂಬ ಒಂದು ಸಾಲಿನ ಲೆಕ್ಕವನ್ನೂ, ಒಳಗಿನ ಸಂಖ್ಯೆಗಳನ್ನೇ ತೋರಿಸುವ ‘ಪಾಡ್‌ಮನ್ ಅನ್‌ಶೇರ್’ ಆಜ್ಞೆಯ ಮೂಲಕ ನೋಡಿದರೆ ಅದೇ ಕಡತ ಮತ್ತೆ 999ರದ್ದಾಗಿ ಕಾಣುತ್ತದೆಂಬ ಮಾತನ್ನೂ ಇಟ್ಟರೆ, ಮುಂದಿನ ವಿವರಣೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

1971ರ ನವೆಂಬರ್ 3ರ ದಿನಾಂಕ ಹೊತ್ತ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೊದಲ ಕೈಪಿಡಿಯನ್ನು ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದರು. ಹೆಸರು, ಸಾರ, ವಿವರಣೆ, ಇದನ್ನೂ ನೋಡಿ ಎಂಬ ಶೀರ್ಷಿಕೆಗಳು ಆಗಿನಿಂದ ಇಂದಿನವರೆಗೂ ನಡೆದುಬಂದಿವೆ. ಆ ಪುಟಗಳಲ್ಲಿ ಇನ್ನೆರಡು ಶೀರ್ಷಿಕೆಗಳಿದ್ದವು. ಒಂದು ‘ದೋಷಗಳು’, ಇನ್ನೊಂದು ‘ಒಡೆಯ’. ತಮ್ಮ ಆಜ್ಞೆ ಎಲ್ಲಿ ಕೈಕೊಡುತ್ತದೆಂದು ಬರೆದವರೇ ಒಪ್ಪಿಕೊಳ್ಳುವ, ಅದರ ಹೊಣೆ ಯಾರದೆಂದು ಪುಟದಲ್ಲೇ ತಿಳಿಸುವ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ಇಂದು ನೂರಾರು ಜನ ಸೇರಿ ಕಟ್ಟುವ ಸಲಕರಣೆಗೆ ಒಬ್ಬನೇ ಒಡೆಯ ಇರಲಾರ, ಆದ್ದರಿಂದ ಆ ಹೊಣೆಯಲ್ಲಿ ಓದುಗರದೂ ಒಂದು ಪಾಲಿದೆ ಎಂದು ನಾನು ಭಾವಿಸುತ್ತೇನೆ.

ಇಷ್ಟೆಲ್ಲ ಏಕೆ, ಕೈಪಿಡಿಯನ್ನೇ ಕನ್ನಡಕ್ಕೆ ತಂದರಾಗದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ತರಬೇಕು, ತರುವ ಮಾರ್ಗವೂ ಇದೆ. ಬಳಕೆದಾರರು ಆರಿಸಿದ ಭಾಷೆಯ ಕೋಶದಲ್ಲಿ ಪುಟ ಇದ್ದರೆ ಕೈಪಿಡಿ ತೋರಿಸುವ ಆಜ್ಞೆಯು ಮೊದಲು ಅದನ್ನೇ ತೆಗೆದು ತೋರಿಸುತ್ತದೆ, ಕನ್ನಡಕ್ಕೆ ‘ಕೆಎನ್’ ಎಂಬ ಸಂಕೇತ ನಿಗದಿಯಾಗಿದೆ. ಆದರೆ ಮೂಲದಲ್ಲಿ ಮಸುಕಾದ ವಾಕ್ಯ ಅನುವಾದದಲ್ಲಿ ಇನ್ನಷ್ಟು ಮಸುಕಾಗುತ್ತದೆ. ‘ಅನಾಮಧೇಯ ಅನಾಮಿಕ ವಾಲ್ಯೂಮ್’ ಎಂದು ಪದಕ್ಕೆ ಪದ ಇಟ್ಟು ಕನ್ನಡದಲ್ಲಿ ಬರೆದುಬಿಟ್ಟರೆ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಂತಾಗಲಿಲ್ಲ. ಮೊದಲು ಮೂಲ ತಿಳಿಯಾಗಲಿ, ತಿಳಿಯಾದ ಪುಟವನ್ನು ಕನ್ನಡಕ್ಕೆ ತರುವುದು ಅರ್ಧದಷ್ಟು ಕೆಲಸ.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ರಾಜ್ಯದ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರಾಚಾರ್ಯರಲ್ಲಿ, ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ಬಿನ್ನಹ ಇಷ್ಟು. ಅಂತಿಮ ವರ್ಷದ ಪ್ರಾಜೆಕ್ಟ್ ಅಂಕಗಳಲ್ಲಿ ಒಂದು ಪಾಲನ್ನು, ವಿದ್ಯಾರ್ಥಿಯು ತಾನು ಬಳಸಿದ ಮುಕ್ತ ತಂತ್ರಾಂಶದ ಕೈಪಿಡಿಗೆ ಕಳುಹಿಸಿದ ತಿದ್ದುಪಡಿಗೆ ಮೀಸಲಿಡಿ. ತಿದ್ದುಪಡಿ ಸ್ವೀಕೃತವಾಗಲೇಬೇಕೆಂಬ ಷರತ್ತು ಬೇಡ, ಅದು ವಿದ್ಯಾರ್ಥಿಯ ಕೈಯಲ್ಲಿಲ್ಲ. ತಾನು ಎಲ್ಲಿ ಎಡವಿದೆ, ಪುಟದಲ್ಲಿ ಏನಿತ್ತು, ಏನಿರಬೇಕಿತ್ತು, ಅದನ್ನು ಹೇಗೆ ಪರೀಕ್ಷಿಸಿದೆ ಎಂಬ ನಾಲ್ಕು ಸಂಗತಿಗಳನ್ನು ಬರೆದು ಕಳುಹಿಸಿದ್ದಕ್ಕೇ ಅಂಕ ಸಿಗಲಿ. ಪರೀಕ್ಷಿಸುವುದನ್ನು ಮಾತ್ರ ಬಿಡಕೂಡದು, ಏಕೆಂದರೆ ಓಡಿಸಿ ನೋಡದೆ ಬರೆದ ಉದಾಹರಣೆಯು ಇಲ್ಲದ ಉದಾಹರಣೆಗಿಂತ ಕೆಟ್ಟದ್ದು. ಪ್ರತಿ ಬದಲಾವಣೆಯ ಕೆಳಗೂ ಕಳುಹಿಸಿದವರು ತಮ್ಮ ಹೆಸರಿನಲ್ಲಿ ಸಹಿ ಸಾಲು ಬರೆಯಬೇಕೆಂಬ ನಿಯಮ ಪಾಡ್‌ಮನ್‌ನಲ್ಲಿದೆ. ತನ್ನ ಹೆಸರು ಹಾಕಿ ಬರೆದ ಒಂದು ವಾಕ್ಯಕ್ಕೆ ವಿದ್ಯಾರ್ಥಿಗಳು ತೋರುವ ಎಚ್ಚರವನ್ನು ನಾನು ಬೇರೆ ಯಾವ ಅಸೈನ್‌ಮೆಂಟಿನಲ್ಲೂ ಕಂಡಿಲ್ಲ. ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ದಿನವಿಡೀ ಈ ಸಲಕರಣೆಗಳೊಡನೆ ಕೆಲಸ ಮಾಡುವ ಕನ್ನಡಿಗ ಎಂಜಿನಿಯರುಗಳು ತಿಂಗಳಿಗೆ ಒಂದು ಗಂಟೆ ಕೊಟ್ಟು, ಇಂಥ ಮಕ್ಕಳ ಕರಡನ್ನು ಕಳುಹಿಸುವ ಮೊದಲು ಓದಿ ಸರಿಪಡಿಸಿಕೊಟ್ಟರೆ, ಭಾಷೆಯ ಅಂಜಿಕೆಯೂ ಹೋಗುತ್ತದೆ.

ನಮ್ಮ ವಿದ್ಯಾರ್ಥಿನಿ ಹೆಸರುಳ್ಳ ವಾಲ್ಯೂಮ್ ಮಾಡಿಕೊಂಡು ಪುಸ್ತಕಗಳನ್ನು ಮತ್ತೆ ತುಂಬಿಸುತ್ತಿದ್ದಾಳೆ. ದಿನದ ಕೊನೆಗೆ ಕಂಟೇನರನ್ನು ಬೇಕೆಂದೇ ನಿಲ್ಲಿಸಿ, ಮತ್ತೆ ಎಬ್ಬಿಸಿ, ಎಣಿಕೆ ಸರಿಯಿದೆಯೇ ಎಂದು ನೋಡಿಕೊಂಡೇ ಮನೆಗೆ ಹೋಗುತ್ತಾಳೆ. ಆರ್‌ಎಂ ಆಯ್ಕೆಗೆ ಸೇರಬೇಕಾದ ವಾಕ್ಯವನ್ನು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ತಿರುಗಿಸಿ, ಮೂರು ಸಲ ಹೊಡೆದು ಬರೆದಿದ್ದಾಳೆ. ಈ ವಾರ ಅದನ್ನು ಕಳುಹಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಗಣಕ ಪ್ರಯೋಗಾಲಯದ ನಿರ್ವಾಹಕ,
ಶಿವಮೊಗ್ಗ ಜಿಲ್ಲೆ